ಕತ್ತರಿ ಬಿದ್ದ ಮುಳ್ಳು

ಇಂಥ ಕತೆಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಮದುವೆಯಾದ ಮೇಲೆ ಹತ್ತನೇ ಕ್ಲಾಸ್ ಪಾಸು ಮಾಡಿದವನು ನಾನು. ಎಲ್ಲಕ್ಕೂ ಕಾರಣ ಇರುತ್ತದೆ ಎಂದು ವಾದ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ನಮ್ಮದು ಉಯ್ಯಂಬಳ್ಳಿ ಕಡೆ. ಅಪ್ಪ ಬೇಟೆಗೆಂದು ಸಾಕಿದ್ದ ನಾಯಿಗಳ ಕೊನೆಯ ಕುಡಿ ನಮ್ಮ ಕೆಂಚ. ಬೇಟೆ ನಿಂತು ಎಷ್ಟೋ ಕಾಲವಾಗಿತ್ತು, ಕೆಂಚ ಕಡಲೆಕಾಯಿ ಹೊಲ ಕಾಯುತ್ತಿದ್ದ. ಆದರೂ ಮುಳ್ಳುಹಂದಿ ಕಂಡರೆ ಸುಮ್ಮನಿರುತ್ತಿರಲಿಲ್ಲ. ಅದಕ್ಕೇ ಅಣ್ಣ ಅವನ ಕೊರಳಿಗೆ ಹಳೇ ಟೈರಿನ ಪಟ್ಟಿ ಹಾಕಿ, ಎದೆಗೆ ಗೋಣಿಚೀಲ ಮಡಿಸಿ ಕಟ್ಟಿ ಹೊಲಕ್ಕೆ ಬಿಡುತ್ತಿದ್ದ. ಒಂದು ಬೆಳಗ್ಗೆ ಗೋಣಿ ಕಳಚಿಕೊಂಡಿತ್ತು. ಕೆಂಚ ಎದೆ ತುಂಬ ಮುಳ್ಳು ಚುಚ್ಚಿಸಿಕೊಂಡು ಬಂದು ಅಂಗಳದಲ್ಲಿ ನಿಂತ.

“ಲೇ, ತಲೆ ಗಟ್ಟಿಯಾಗಿ ಹಿಡ್ಕೊಳ್ಲಾ. ಮುಳ್ಳು ಕತ್ತರ್ಸುದ್ರೆ ಅದ್ರೊಳಗಿನ ಗಾಳಿ ಹೋಯ್ತದೆ, ಸಲೀಸಾಗಿ ಬತ್ತದೆ,” ಎಂದ ಅಣ್ಣ. ನಮ್ಮೂರಲ್ಲಿ ಎಲ್ಲರೂ ಹಾಗೇ ಮಾಡುವುದು. ಕತ್ತರಿ ಹಾಕಿದ ಮೇಲೆ ಉಳಿದ ಮೋಟುಗಳನ್ನು ಇಕ್ಕಳದಲ್ಲಿ ಕಿತ್ತೆವು. ಒಂದು ಮಾತ್ರ ಹಿಡಿತಕ್ಕೆ ಸಿಗದೆ ಚರ್ಮದೊಳಗೆ ಹೋಗಿಬಿಟ್ಟಿತು.

ಕನಕಪುರದ ಡಾಕ್ಟರು, “ಕತ್ತರಿಸಬಾರ್ದಾಗಿತ್ತು ಕಣ್ರೀ. ಇಡೀ ಮುಳ್ಳನ್ನೇ ಹಿಡ್ದು ನೆಟ್ಟಗೆ ಎಳೀಬೇಕಿತ್ತು,” ಎಂದರು. ಕೆಂಚ ಒಳಗೊಳಗೇ ಕೀವಾಗಿ ಸತ್ತ. ಹುಣಸೆಮರದ ಕೆಳಗೆ ಹೂತೆವು. ಪಟ್ಟಿ, ಗೋಣಿ, ಕಿತ್ತ ಮುಳ್ಳಿನ ಚೂರು ಎಲ್ಲವನ್ನೂ ಅಣ್ಣ ಸುಟ್ಟ.

ಮಾರನೇ ವರ್ಷ ಮಾಗಡಿಯಿಂದ ಬಸ್ಸಿನಲ್ಲಿ ಒಂದು ನಾಯಿಮರಿ ತಂದೆ. ಕೆಂಚನಿಗೆ ಆದದ್ದು ಇದಕ್ಕೆ ಆಗಬಾರದೆಂದು ಹೊಲಕ್ಕೆ ಬಿಡಲೇ ಇಲ್ಲ. “ಹುಲಿ ತಂದಿದ್ದೀಯ ಕಣ್ಲಾ! ಕೋಳಿ ಕಂಡ್ರೆ ಮಂಚದ್ ಕೆಳಕ್ಕೆ ಹೋಯ್ತದೆ,” ಎಂದು ಅಣ್ಣ ಆಡಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಅದರ ಎದೆ ಊದಿತ್ತು. ಕೆಂಚನಿಗೆ ಮುಳ್ಳು ಒಳಹೋದ ಜಾಗದಲ್ಲೇ. ಅಣ್ಣ ಬಿಸಿನೀರಲ್ಲಿ ಒರೆಸುತ್ತಿದ್ದಾಗ ಕೀವಿನ ಜೊತೆ ಮುಳ್ಳಿನ ಚೂರೊಂದು ಹೊರಬಂತು. ಒಂದು ತುದಿ ಸೂಜಿಯಂತಿತ್ತು. ಇನ್ನೊಂದು ತುದಿಯಲ್ಲಿ ಕತ್ತರಿ ಹಾಕಿದ ಗುರುತು.

ಅಂಗಳದಲ್ಲಿ ಬಿದ್ದಿದ್ದ ಹಳೇ ಚೂರು ಚುಚ್ಚಿರಬೇಕು ಎಂದರು ಡಾಕ್ಟರು. ಇರಬಹುದು. ಸುಡುವಾಗ ಒಂದು ತಪ್ಪಿಹೋಗಿತ್ತೋ ಏನೋ, ನನಗೆ ಗೊತ್ತಿಲ್ಲ. ಅಣ್ಣ ಅದನ್ನು ಅಂಗೈ ಮೇಲೆ ಹೊರಳಿಸಿ ನೋಡಿ, “ಇನ್ನೂ ಎಷ್ಟು ಒಳಗೇ ಬುಟ್ಟಿದ್ವೋ,” ಎಂದ. ನನಗೆ ಭಯವೂ ಆಗಲಿಲ್ಲ, ಅಳುವೂ ಬರಲಿಲ್ಲ.

ಮರಿ ಈಗ ದೊಡ್ಡದಾಗಿದೆ, ಚೆನ್ನಾಗಿದೆ. ದಿನಾ ಸಂಜೆ ಅದರ ಎದೆಯ ಮೇಲೆ ಕೈಯಾಡಿಸುತ್ತೇನೆ. ಕೈ ತೆಗೆಯುವವರೆಗೂ ಅಣ್ಣ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿರುತ್ತಾನೆ.