ಕೆಂದಿಯ ಮೈತುರಿಕೆ

ಮದ್ದೂರು ಕಾಡಿನ ಮಗ್ಗುಲ ಊರಲ್ಲಿ ಮರಿತಾಯಮ್ಮನೆಂಬ ವಿಧವೆ ಹದಿನಾಲ್ಕು ಮೇಕೆ ಸಾಕಿಕೊಂಡು ಒಬ್ಬಳೇ ಬದುಕುತ್ತಿದ್ದಳು. ಹರೆಯದಲ್ಲಿ ಬಂದ ಜ್ವರವೊಂದು ಅವಳ ಎರಡು ಕಿವಿಗಳನ್ನೂ ಮಂದ ಮಾಡಿ ಹೋಗಿತ್ತು. ಹತ್ತಿರ ನಿಂತು ಕೂಗಿದರೆ ಕೇಳಿಸುತ್ತಿತ್ತು. ಪೊದೆಯ ಹಿಂದೆ ಒಣಗಿದೆಲೆ ಸರಕ್ಕೆಂದರೆ ಕೇಳಿಸುತ್ತಿರಲಿಲ್ಲ. ಕಾಡಂಚಿನಲ್ಲಿ ಮೇಕೆ ಕಾಯುವವಳಿಗೆ ಇದಕ್ಕಿಂತ ದೊಡ್ಡ ಕೊರತೆ ಇನ್ನೇನು? ಅದನ್ನು ತುಂಬಿದ್ದು ಕೆಂದಿ ಎಂಬ ಹೆಣ್ಣುನಾಯಿ. ಚಿರತೆಯದೋ ಆನೆಯದೋ ವಾಸನೆ ಬಡಿದರೆ ಅದು ಬರೀ ಬೊಗಳುತ್ತಿರಲಿಲ್ಲ, ಓಡಿಬಂದು ಅವಳ ಸೀರೆಯಂಚು ಕಚ್ಚಿ ಎಳೆಯುತ್ತಿತ್ತು. ಯಾರೂ ಕಲಿಸಿದ್ದಲ್ಲ. ಹಾಗೆ ಎಳೆದದ್ದರಿಂದಲೇ ಮರಿತಾಯಮ್ಮ ಎರಡು ಸಲ ಒಂಟಿ ಆನೆಯ ಕಾಲಡಿಯಿಂದ ತಪ್ಪಿಸಿಕೊಂಡಿದ್ದಳು.

ಐವತ್ತಾರನೆಯ ಇಸವಿ, ಹಿಂಗಾರು ಹೊಯ್ದು ಬಿಟ್ಟ ವಾರ. ಕೆಂದಿ ಕೂತಲ್ಲಿ ನಿಂತಲ್ಲಿ ಹಿಂದಕ್ಕೆ ತಿರುಗಿ ಬಾಲದ ಬುಡ ಕಚ್ಚಿಕೊಳ್ಳತೊಡಗಿತು. ಮೊದಲು ಕೂದಲು ತೆಳ್ಳಗಾಯಿತು, ಆಮೇಲೆ ಚರ್ಮ ಕೆಂಪಗಾಗಿ ನೀರೊಸರಿತು. ಹದಿನೈದು ದಿನದಲ್ಲಿ ಸೊಂಟದಿಂದ ಹಿಂದಕ್ಕೆ ನಾಯಿ ಬತ್ತಲೆ. ಮೇಕೆಗಳ ಮೇಲೆ ಅದರ ಗಮನವೇ ಇಲ್ಲ. ಹಾಗಿರುವಾಗಲೇ ಒಂದು ಮಧ್ಯಾಹ್ನ ಚಿರತೆ ಬಂದು ಗಬ್ಬದ ಮೇಕೆಯನ್ನು ಹೊತ್ತುಕೊಂಡು ಹೋಯಿತು. ಕೆಂದಿ ಇಪ್ಪತ್ತು ಮಾರು ದೂರದಲ್ಲಿ ಕಲ್ಲಿಗೆ ಬೆನ್ನು ತಿಕ್ಕುತ್ತಿತ್ತು.

ಊರವರು ಹೇಳಿದ ಮದ್ದನ್ನೆಲ್ಲ ಅವಳು ಮಾಡಿದಳು. ಬೇವಿನೆಣ್ಣೆ ಹಚ್ಚಿದಳು, ಗಂಧಕ ಅರೆದು ಬಳಿದಳು. ಕೊನೆಗೆ ಯಾರೋ ಸೀಮೆಎಣ್ಣೆ ಅಂದರು, ಅದನ್ನೂ ಸುರಿದಳು. ಹಸಿಗಾಯಕ್ಕೆ ಸೀಮೆಎಣ್ಣೆ ಬಿದ್ದದ್ದೇ ಕೆಂದಿ ಊಳಿಟ್ಟ ಊಳು ಆ ಮಂದಗಿವಿಗೂ ಕೇಳಿಸಿತು. ಅದು ಕೈಬಿಡಿಸಿಕೊಂಡು ಜೊಲ್ಲು ಸುರಿಸುತ್ತಾ ಬೀದಿಯುದ್ದಕ್ಕೂ ಓಡಿತು. ನೋಡಿದವರು ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದರು.

ಅಂದೇ ಸಂಜೆ ಪಟೇಲ ಚಿಕ್ಕಮಲ್ಲಪ್ಪ ಅವಳ ಗುಡಿಸಲ ಮುಂದೆ ಬಂದು ನಿಂತ.

"ಹುಚ್ಚು ಹಿಡಿದದೆ ಕಣಮ್ಮಿ ಅದ್ಕೆ! ಯಾರ್ನಾದ್ರೂ ಕಚ್ಬುಟ್ರೆ ಯಾರು ಹೊಣೆ?" ಎಂದು ಅವಳ ಕಿವಿಯ ಹತ್ತಿರ ಕೂಗಿದ.

"ಹುಚ್ಚಲ್ಲ ಬುದ್ಧಿ, ತುರಿಕೆ. ನೀರ್ ಕುಡೀತದೆ, ನನ್ ಗುರ್ತ್ ಹಿಡೀತದೆ."

"ಬರೋ ಸ್ವಾಮಾರದ ಗಂಟ ಟೇಮು. ಆಮೇಕೆ ಕೋವಿ ತರುಸ್ತೀನಿ."

ಸೋಮವಾರಕ್ಕೆ ಇನ್ನು ಆರೇ ದಿನ. ಮರಿತಾಯಮ್ಮ ಅನ್ನ ನೀರು ಮುಟ್ಟಲಿಲ್ಲ. ಕೆಂದಿ ಅವಳ ಕೈ ಕಂಡರೆ ಹೆದರಿ ಮೂಲೆ ಸೇರುತ್ತಿತ್ತು. ಕೋವಿಯ ಮಾತಿಗಿಂತ ಅದೇ ಅವಳನ್ನು ಹೆಚ್ಚು ನೋಯಿಸಿತು. ಬೆಳಗಾಗುತ್ತಲೇ ಮೇಕೆಗಳನ್ನು ನಾದಿನಿ ಚಿಕ್ಕನಿಂಗಮ್ಮನಿಗೆ ಒಪ್ಪಿಸಿ, ನಾಯಿಯ ಕೊರಳಿಗೆ ಹಗ್ಗ ಹಾಕಿ ಗುಂಡ್ಲುಪೇಟೆಗೆ ನಡೆದಳು. ಅಲ್ಲಿ ವಿಚಾರಿಸಿದರೆ, ನಾಯಿ ನೋಡುವ ಡಾಕ್ಟರು ಬೇಕಾದರೆ ಚಾಮರಾಜನಗರಕ್ಕೇ ಹೋಗಬೇಕೆಂದರು. ಬಸ್ಸಿನ ಕಂಡಕ್ಟರು ಕೀವು ಸುರಿಯುವ ನಾಯಿಯನ್ನು ಕಂಡು ಬಾಗಿಲಿಗೆ ಅಡ್ಡ ಕೈ ಇಟ್ಟ. ಅವಳು ಬಸ್ಸಿನ ಧೂಳು ಕುಡಿಯುತ್ತಾ ರಸ್ತೆ ಹಿಡಿದಳು.

ತೆರಕಣಾಂಬಿ ಹತ್ತಿರ ಬರುವಷ್ಟರಲ್ಲಿ ಕೆಂದಿ ಕುಸಿಯಿತು. ಹೊತ್ತುಕೊಳ್ಳಲು ಹೋದರೆ ಹಲ್ಲು ಕಿರಿಯಿತು. ದಾರಿ ಪಕ್ಕದ ಹುಣಸೆಮರದಡಿ ಅವಳು ದೊಡ್ಡ ದನಿಯಲ್ಲಿ ಅಳುತ್ತಾ ಕೂತಳು. ತನ್ನ ಅಳು ಎಷ್ಟು ಜೋರೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ಅರಿಸಿನದ ಮೂಟೆ ಹೇರಿಕೊಂಡು ಚಾಮರಾಜನಗರಕ್ಕೆ ಹೊರಟಿದ್ದ ವ್ಯಾಪಾರಿ ನೂರುಲ್ಲಾ ಗಾಡಿ ನಿಲ್ಲಿಸಿದ.

"ಯಾಕವ್ವಾ, ಸತ್ತೋಯ್ತಾ?"

"ಇನ್ನೂ ಇಲ್ಲ ಸಾಬ್ರೆ. ಸ್ವಾಮಾರ ಕೊಲ್ತಾರಂತೆ."

ನೂರುಲ್ಲಾ ನಾಯಿ ಮುಟ್ಟುವವನಲ್ಲ. ಆದರೂ ಗಾಡಿಯ ಹಿಂಬದಿಯ ಮೂಟೆ ಸರಿಸಿ, ಹಳೆಯ ಗೋಣಿತಾಟು ಹಾಸಿದ. "ಎತ್ತಿಕ್ಕಮ್ಮ. ಜೀವ ಅಲ್ವಾ ಅದೂನೂವೆ," ಎಂದು ಕೂಗಿ ಹೇಳಿ ಅತ್ತ ಮುಖ ಮಾಡಿ ಕೂತ. ಅವಳು ಸೆರಗಿನಿಂದ ಕೆಂದಿಯ ಮೂತಿ ಸುತ್ತಿ ಎತ್ತಿ ಮಲಗಿಸಿದಳು. ಮಾರನೆಯ ದಿನ ಅವರನ್ನು ದನದ ಆಸ್ಪತ್ರೆಯ ಗೇಟಿನಲ್ಲಿ ಇಳಿಸಿಯೇ ಅವನು ಅರಿಸಿನದ ಮಂಡಿಗೆ ಹೋದದ್ದು.

ಡಾಕ್ಟರು ನಡುವಯಸ್ಸಿನವರು, ಮಾತು ಕಡಿಮೆ. ಕೆಂದಿಯ ಬಾಯಿಗೆ ಬಟ್ಟೆ ಕಟ್ಟಿಸಿ, ಬ್ಲೇಡಿನಿಂದ ಚರ್ಮ ಕೆರೆದು ಸೂಕ್ಷ್ಮದರ್ಶಕದಡಿ ಕಣ್ಣು ಕಿರಿದು ಮಾಡಿ ನೋಡಿದರು. ಕಿವಿಯಂಚು ಸವರಿದರು. ಮನೆಯಲ್ಲಿ ನಿನಗೂ ತುರಿಕೆ ಉಂಟೇ ಎಂದು ಸನ್ನೆಯಲ್ಲಿ ಕೇಳಿದರು, ಇಲ್ಲವೆಂದಳು. ಆಮೇಲೆ ಬಾಲದ ಬುಡದ ಅಳಿದುಳಿದ ಕೂದಲನ್ನು ಸಣ್ಣಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಉದುರಿದ ಕರಿಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿ ಅವಳ ಮುಂದೆ ಹಿಡಿದರು. ಕರಿಕಾಳುಗಳ ಸುತ್ತ ಕೆಂಪು ಹರಡಿತು.

"ರಕ್ತ ಕಣಮ್ಮ. ಚಿಗಟ ಕುಡಿದು ಹಾಕಿದ ಹಿಕ್ಕೆ ಇದು. ಹುಚ್ಚೂ ಅಲ್ಲ, ಕಜ್ಜೀನೂ ಅಲ್ಲ."

"ಎಲ್ಲಾ ನಾಯ್ಗೂ ಚಿಗಟ ಇರ್ತವಲ್ಲ ಸ್ವಾಮಿ?"

"ಇರ್ತವೆ. ಕೆಲವು ನಾಯಿಗೆ ಅದರ ಜೊಲ್ಲು ಮೈಗೆ ಆಗೋದಿಲ್ಲ. ಒಂದು ಕಚ್ಚಿದರೂ ಹತ್ತು ದಿನ ಉರಿ. ಅಲರ್ಜಿ ಅಂತೀವಿ. ಈ ಗುಣ ಹೋಗೋದಿಲ್ಲ, ಚಿಗಟ ಹತ್ತಿರ ಬರದ ಹಾಗೆ ನೋಡ್ಕೋಬೇಕು ಅಷ್ಟೆ."

ಗಾಯಕ್ಕೆ ಮುಲಾಮು, ಮೈಗೆ ಉಜ್ಜುವ ಪುಡಿ ಕೊಟ್ಟರು. ಸೀಮೆಎಣ್ಣೆಯ ಸುದ್ದಿ ಕೇಳಿ ತಲೆ ಚಚ್ಚಿಕೊಂಡರು. ಮಲಗುವ ಜಾಗ ದಿನಾ ಗುಡಿಸಬೇಕು, ಹಾಸು ಬಿಸಿಲಿಗೆ ಹಾಕಬೇಕು, ಧೂಳಲ್ಲಿ ಮೊಟ್ಟೆಗಳಿರುತ್ತವೆ ಎಂದು ಎರಡೆರಡು ಸಲ ಕೂಗಿ ಹೇಳಿದರು. ಪಟೇಲನಿಗೆ ಒಂದು ಚೀಟಿಯನ್ನೂ ಬರೆದುಕೊಟ್ಟರು.

ಸೋಮವಾರಕ್ಕೆ ಮೊದಲೇ ಅವಳು ಊರು ಸೇರಿ ಕೊಟ್ಟ ಚೀಟಿಯನ್ನು ಚಿಕ್ಕಮಲ್ಲಪ್ಪ ಓದಿದ. ಕೋವಿಯ ಮಾತು ನಿಂತಿತು. ಆದರೂ ಒಂದು ತಿಂಗಳು ನಾಯಿಯನ್ನು ಕಟ್ಟಿಯೇ ಹಾಕಬೇಕೆಂದ. ನಾಯಿಯಿಲ್ಲದೆ ಕಾಡಿಗೆ ಹೋಗುವ ಧೈರ್ಯ ಅವಳಿಗಿರಲಿಲ್ಲ. ಬೇಲಿಸೊಪ್ಪು ತರಿದು ಹಾಕಿದಳು. ಮೇಕೆಗಳ ಪಕ್ಕೆಲುಬು ಕಾಣತೊಡಗಿದವು.

ನಾಲ್ಕು ದಿನದಲ್ಲಿ ಗಾಯ ಒಣಗಿತು. ಎಂಟನೆಯ ದಿನ ಕೆಂದಿ ಮತ್ತೆ ರಕ್ತ ಬರುವಂತೆ ಕಚ್ಚಿಕೊಂಡಿತ್ತು. ಮದ್ದು ಸೋತಿತು, ಇನ್ನು ಇದರ ನರಳಾಟ ನೋಡಲಾರೆ ಎಂದುಕೊಂಡಳು ಮರಿತಾಯಮ್ಮ. ತಾನೇ ಪಟೇಲನ ಮನೆಗೆ ಒಯ್ದು ಕೋವಿಗೆ ಒಪ್ಪಿಸಿಬರುವುದೆಂದು ಹಗ್ಗ ಬಿಚ್ಚಿದಳು. ಹೊಸ್ತಿಲು ದಾಟುವ ಮುಂಚೆ ಏನನಿಸಿತೋ, ತನ್ನ ಬಾಚಣಿಗೆ ತೆಗೆದು ನಾಯಿಯ ಬೆನ್ನು ಬಾಚಿ, ಉದುರಿದ್ದನ್ನು ಒದ್ದೆ ಸೆರಗಿನ ಮೇಲೆ ಹಾಕಿದಳು. ಕೆಂಪು ಹರಡಿತು.

"ಎಲ್ಲಿಂದ ಬತ್ತವೆ ಮುಂಡೇವು!" ಎಂದು ಗುಡಿಸಲೆಲ್ಲ ಕಣ್ಣಾಡಿಸಿದಳು. ನೆಲ ಗುಡಿಸಿದ್ದಳು, ಹಾಸು ಒಣಗಿಸಿದ್ದಳು. ಆದರೆ ಗೋಡೆಯ ಆಚೆಗೆ ಮೇಕೆ ಕೂಡುವ ಜಾಗದಲ್ಲಿ ವರ್ಷದ ಹಿಕ್ಕೆ, ಕೊಳೆತ ಹುಲ್ಲು ಮೊಣಕಾಲುದ್ದ ಕೂತಿತ್ತು. ಕೈ ಹಾಕಿದರೆ ಮುಂಗೈ ತುಂಬ ಚಿಗಟ ಹಾರಿದವು.

ಚಿಕ್ಕನಿಂಗಮ್ಮನನ್ನು ಕರೆದುಕೊಂಡು ಎರಡು ದಿನ ಆ ಕೊಳೆಯನ್ನು ಬುಟ್ಟಿ ಮಂಕರಿಗಟ್ಟಲೆ ಹೊರಸಾಗಿಸಿ ಸುಟ್ಟಳು. ನೆಲ ಕೆರೆದು ಬೂದಿ ಎರಚಿದಳು. ಅಷ್ಟು ಚೊಕ್ಕಟ ಇಟ್ಟುಕೊಳ್ಳಲು ಒಬ್ಬಳ ಕೈಲಿ ಆಗದೆಂದು ಐದು ಮೇಕೆಗಳನ್ನು ಕಣ್ಣೀರಿಡುತ್ತಲೇ ಮಾರಿದಳು. ಪುಷ್ಯ ಕಳೆಯುವ ಹೊತ್ತಿಗೆ ಕೆಂದಿಯ ಸೊಂಟದ ಮೇಲೆ ನವಿರುಗೂದಲು ಮೊಳೆಯಿತು. ಅವಳ ಕೈ ನಂಬಲು ಅದಕ್ಕೆ ಇನ್ನೂ ಎರಡು ತಿಂಗಳು ಬೇಕಾಯಿತು.

ಮರುವರ್ಷ ಹಿಂಗಾರು ಬಿಟ್ಟಾಗ ಕೆಂದಿ ಮತ್ತೆ ಹಿಂದಕ್ಕೆ ತಿರುಗಿ ಬಾಲ ಕಡಿಯಿತು. ಅಂದು ಮರಿತಾಯಮ್ಮ ಯಾರನ್ನೂ ಕೇಳಲಿಲ್ಲ. ಮೇಕೆಗಳನ್ನು ಹೊರಗೆ ಕಟ್ಟಿ, ಮಂಕರಿ ಎತ್ತಿಕೊಂಡು ಅವು ಕೂಡುವ ಜಾಗದೊಳಗೆ ಹೋದಳು.