ಮೊಗಲಪ್ಪನ ಎರಡೇಟು

ಪೆದ್ದೆಮುಲ್ ಕಡೆಯ ಮೊಗಲಪ್ಪ ತಾಂಡೂರಿನ ಹತ್ತಿ ಗಿರಣಿಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕಲು ಸೇರಿದ್ದು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ. ಮೊದಲ ದಿನ ಆ ಕಬ್ಬಿಣದ ಹೊಟ್ಟೆಯ ಮುಂದೆ ಚಪ್ಪಲಿ ಬಿಟ್ಟು, ಕೈಮುಗಿದು ನಿಂತನಂತೆ. ನಗಬೇಡಿ. ಒಂದಿಷ್ಟು ನೀರು, ಒಂದಿಷ್ಟು ಬೆಂಕಿ, ಅಷ್ಟರಿಂದಲೇ ಗೋಡೆಯಾಚೆ ಇಪ್ಪತ್ತು ಯಂತ್ರಗಳು ಗರಗರ ತಿರುಗುತ್ತಿದ್ದವು. ನಾವಾದರೂ ಕೈಮುಗಿಯುತ್ತಿದ್ದೆವು.

ಅದಕ್ಕಿಂತ ಅವನು ಬೆರಗಾದದ್ದು ಸೀಟಿಗೆ. ಒಳಗೆ ನೀರು ತಗ್ಗಿದರೆ ಬಾಯ್ಲರಿನ ನೆತ್ತಿಯ ಮೇಲಿನ ಆ ಹಿತ್ತಾಳೆ ಸೀಟಿ ತಾನಾಗಿ ಕೂಗುತ್ತಿತ್ತು. ಬಾಯಿಲ್ಲದ ಕಬ್ಬಿಣ ಮನುಷ್ಯನನ್ನು ಕರೆದು ಕಷ್ಟ ಹೇಳಿಕೊಳ್ಳುತ್ತದೆ ಎಂಬುದನ್ನು ಅವನು ಸಾಯುವವರೆಗೂ ಸಲೀಸಾಗಿ ತೆಗೆದುಕೊಳ್ಳಲಿಲ್ಲ.

ಸೀಟಿಗೆ ಉತ್ತರ ಕೊಡುವ ಪದ್ಧತಿಯೊಂದಿತ್ತು. ಗೋಡೆಗೆ ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿದ್ದರು. ಸೀಟಿ ಕೂಗಿದ ಕೂಡಲೇ ಅದರ ಮೇಲೆ ಸುತ್ತಿಗೆಯಿಂದ ಒಂದೇಟು, ಅಂದರೆ ಕೇಳಿದೆ. ಆಮೇಲೆ ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆಯನ್ನು ನೋಡಬೇಕು, ಕಡಿಮೆಯಿದ್ದರೆ ಪಂಪಿನಿಂದ ನೀರು ಬಿಡಬೇಕು. ಎಲ್ಲ ಸರಿಯಾದ ಮೇಲೆ ಸರಪಳಿ ಎಳೆದು ಸೀಟಿ ನಿಲ್ಲಿಸಿ ಎರಡೇಟು. ಗೋಡೆಯಾಚೆ ಹತ್ತಿಯಿಂದ ಬೀಜ ಬಿಡಿಸುವ ನಲವತ್ತು ಹೆಂಗಸರಿಗೆ ಆ ಎರಡೇಟೇ ಧೈರ್ಯ. ಅವರಲ್ಲಿ ಅವನ ಹೆಂಡತಿ ಈಶಮ್ಮನೂ ಒಬ್ಬಳು.

ಒಂದು ವರ್ಷ ಹತ್ತಿಯ ಸುಗ್ಗಿಯಲ್ಲಿ ಸೀಟಿಗೆ ಏನು ರೋಗ ಬಡಿಯಿತೋ, ಹೊತ್ತಿಲ್ಲ ಗೊತ್ತಿಲ್ಲ, ಕೂಗತೊಡಗಿತು. ಮೊಗಲಪ್ಪ ಓಡಿಹೋಗಿ ನೋಡಿದರೆ ಗಾಜಿನಲ್ಲಿ ಅರ್ಧಕ್ಕೂ ಮೇಲೆ ನೀರು. ಸರಪಳಿ ಎಳೆದ, ಎರಡೇಟು ಹೊಡೆದ. ಮತ್ತೆ ಕೂಗಿತು, ಮತ್ತೆ ನೋಡಿದ, ಮತ್ತೆ ಹೊಡೆದ. ಹೀಗೆ ಎಂಟು ದಿನ. ಕೊನೆಕೊನೆಗೆ ಕೈ ತಾನಾಗಿ ಸರಪಳಿಗೆ ಹೋಗುತ್ತಿತ್ತು, ಕಣ್ಣು ಗಾಜನ್ನು ಸವರಿ ಬರುತ್ತಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಗಿರಣಿಯ ಮ್ಯಾನೇಜರ್ ಆತ್ಮಾರಾಮ ಒಂದು ಗೋಣಿಚೀಲ ತಂದು ಅವನ ಮುಂದೆ ಎಸೆದ. "ಈ ಸೀಟಿಗಿ ಹುಚ್ಚು ಹಿಡದದ. ಗೋಣಿ ಸುತ್ತಿ ಅದರ ಬಾಯಿ ಕಟ್ಟು. ಸಂಜಿ ಗಾಡಿಗಿ ಮಾಲು ಹೋಗಬೇಕು, ಇವತ್ತು ಗಿರಣಿ ನಿಂತರ ನಾಳಿಂದ ನೀ ಬರೂದು ಬ್ಯಾಡ."

ಮೊಗಲಪ್ಪ ಗೋಣಿ ಹೆಗಲಿಗೆ ಹಾಕಿಕೊಂಡು ಏಣಿ ಹತ್ತಿದ. ಸೀಟಿ ಕಿವಿ ಹರಿಯುವಂತೆ ಕೂಗುತ್ತಿತ್ತು. ಕಟ್ಟುವ ಮೊದಲು ಅಭ್ಯಾಸದಂತೆ ಗಾಜಿನ ಕಡೆ ತಿರುಗಿದ. ನೀರು ಅರ್ಧಕ್ಕೂ ಮೇಲಿತ್ತು. ಆದರೆ ಅಲುಗುತ್ತಿರಲಿಲ್ಲ. ಬಾಯ್ಲರ್ ಕುದಿಯುವಾಗ ಗಾಜಿನೊಳಗಿನ ನೀರೂ ಕುಣಿಯಬೇಕು, ಒಲೆಯ ಮೇಲಿನ ಎಸರಿನ ಹಾಗೆ. ಇದು ಲೋಟದಲ್ಲಿಟ್ಟ ನೀರಿನಂತೆ ಸುಮ್ಮನೆ ನಿಂತಿತ್ತು.

ಅವನು ಗೋಣಿ ಕೆಳಗೆಸೆದ. ಇಳಿದು ಬಂದು, ಬಾಯ್ಲರಿನ ಮೈಗೇ ಕೂರಿಸಿದ ಪರೀಕ್ಷೆಯ ನಲ್ಲಿಗಳಲ್ಲಿ ಎಲ್ಲಕ್ಕಿಂತ ಕೆಳಗಿನದನ್ನು ತಿರುಗಿಸಿದ. ನೀರು ಬರಬೇಕಾದಲ್ಲಿ ಬರೀ ಉಗಿ ಬುಸ್ಸೆಂದಿತು, ಒಂದು ಹನಿ ನೀರಿಲ್ಲ.

"ಪಂಪು ಬಿಡು, ನೀರು ತುಂಬು," ಎಂದು ಆತ್ಮಾರಾಮ ತಾನೇ ಪಂಪಿನತ್ತ ನುಗ್ಗಿದ.

ಮೊಗಲಪ್ಪ ಅಡ್ಡ ನಿಂತ. "ಮುಟ್ಟಬ್ಯಾಡ್ರಿ ಸಾಹೇಬ್ರ. ಒಳಗ ಕಬ್ಬಿಣ ಕಾದದ. ಈಗ ತಣ್ಣೀರು ಬಿದ್ರ ಒಡದು ಹೋಗ್ತದ್ರಿ. ನಾ ಬೆಂಕಿ ಎಳೀತೀನಿ. ನನ್ನ ನೌಕರಿ ಆಮ್ಯಾಲ ನೋಡ್ರಿ."

ಸುತ್ತಿಗೆ ಎತ್ತಿ ಕಂಬಿಯನ್ನು ಬಡಿದ. ಒಂದಲ್ಲ, ಎರಡಲ್ಲ, ಹೆಂಗಸರು ಎದ್ದು ಅಂಗಳಕ್ಕೆ ಓಡಿದ ಸದ್ದು ಕೇಳುವವರೆಗೂ ಬಡಿದ. ಆಮೇಲೆ ಉದ್ದನೆಯ ಕೊಕ್ಕೆ ಹಿಡಿದು ಒಲೆಯ ಕೆಂಡವನ್ನೆಲ್ಲ ನೆಲಕ್ಕೆ ಎಳೆದುಹಾಕಿದ. ಕಾಲಿನ ಕೂದಲು ಸುಟ್ಟವು. ಯಂತ್ರಗಳು ಒಂದೊಂದಾಗಿ ನಿಂತವು. ಸಂಜೆಯ ಗಾಡಿ ಮಾಲಿಲ್ಲದೆ ಹೋಯಿತು.

ಎರಡು ದಿನ ಆರಲು ಬಿಟ್ಟು ಫಿಟ್ಟರ್ ನರಸಿಂಹುಲು ಬಾಯ್ಲರಿನ ಒಳಹೊಕ್ಕು ನೋಡಿದ. ಬೆಂಕಿಯ ಕೊಳವೆಯ ನೆತ್ತಿ ನೀರಿಲ್ಲದೆ ಕಾದು ಅಂಗೈಯಗಲ ನೀಲಿಗಟ್ಟಿತ್ತು. ಗಾಜಿನ ನಳಿಗೆಗೆ ನೀರು ಬರುವ ದಾರಿಯಿಂದ ಬಳಪದಂಥ ಬಿಳಿ ಬೆಣೆಯೊಂದನ್ನು ಕಿತ್ತು ತಂದು ಎಲ್ಲರಿಗೂ ತೋರಿಸಿದ. ತಾಂಡೂರಿನ ನೆಲವೆಲ್ಲ ಸುಣ್ಣಕಲ್ಲು, ನೀರಿನಲ್ಲೂ ಅದೇ ಸುಣ್ಣ.

"ಗಾಜಿನಾಗ ಇದ್ದದ್ದು ಒಂಬತ್ತು ದಿನದ ಹಳೀ ನೀರು," ಎಂದ ನರಸಿಂಹುಲು. "ಸೀಟಿ ಒಂದಿನಾನೂ ಸುಳ್ಳು ಕೂಗಿಲ್ಲ. ಗಾಜು ನಂಬಿ ಪಂಪು ಕಡಿಮಿ ಬಿಟ್ಟದ್ದಕ್ಕ ದಿನಾ ಬೆರಳಷ್ಟು ನೀರು ಇಳೀತಿತ್ತು. ಇನ್ನ ಅರ್ಧ ತಾಸು ಆಗಿದ್ರ ಈ ಗೋಡಿನೂ ಇರ್ತಿದ್ದಿಲ್ಲ, ಆ ಕಡಿ ಯಾರೂ ಉಳೀತಿದ್ದಿಲ್ಲ."

ಆತ್ಮಾರಾಮ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಮೊಗಲಪ್ಪನ ಕಾಲಿನ ಬೊಬ್ಬೆಗಳನ್ನೇ ನೋಡುತ್ತ ನಿಂತ. ಹೆಂಗಸರು ಸುತ್ತ ನೆರೆದು, ದೇವರನ್ನು ಕಂಡವರ ಹಾಗೆ ಅವನನ್ನು ನೋಡಿದರು. ಮೊಗಲಪ್ಪ ಮಾತ್ರ ಎಂಟು ದಿನದಲ್ಲಿ ಎಷ್ಟು ಸಲ ಸರಪಳಿ ಎಳೆದಿದ್ದೆನೆಂದು ನೆನೆಯುತ್ತಿದ್ದ.

ಈಶಮ್ಮ ಮುಂದೆ ಬಂದು ಎಲ್ಲರಿಗೂ ಕೇಳುವಂತೆ, ಹೆಮ್ಮೆಯಿಂದ ಹೇಳಿದಳು: "ನನ್ನ ಗಂಡ ಇರೂತನಕ ಏನೂ ಆಗೂದಿಲ್ಲಂತ ನಮಗ ಗೊತ್ತಿತ್ತು. ಆ ಎಂಟು ದಿನ ಸೀಟಿ ಕೂಗಿದಾಗೆಲ್ಲಾ ಹೆಂಗಸ್ರು ಎದ್ದು ಹೊರಗ ಓಡಾಕ ನಿಲ್ತಿದ್ರು. ನಾನೇ ಹಿಡದು ಕೂಡಸ್ತಿದ್ದೆ. ನನ್ನ ಗಂಡ ಎರಡೇಟು ಹೊಡದಾನ, ಕೂಡ್ರಿ ಅಂತಿದ್ದೆ."

ಮೊಗಲಪ್ಪ ಅವಳ ಮುಖ ನೋಡಲಾರದೆ ಅಲ್ಲೇ ಬೂದಿಯ ಮೇಲೆ ಕುಸಿದು ಕುಳಿತ.