ಗಂಗಿಬೋರೆ ಡೇರಿಯ ಹಳೇ ಬ್ಯಾಟರಿ

ಹಸುವಿನ ಕೆಚ್ಚಲಿಗೆ ಕರೆಂಟಿನ ವೇಳಾಪಟ್ಟಿ ಗೊತ್ತಿಲ್ಲ. ಕರೆದ ಹಾಲು ಬಿಸಿಲೇರುವ ಮೊದಲು ಕ್ಯಾನು ಸೇರಬೇಕು, ಇಲ್ಲದಿದ್ದರೆ ಒಡೆಯುತ್ತದೆ. ದಿನಾ ಕಾಫಿ ಕುಡಿಯುವ ಎಲ್ಲರಿಗೂ ಇದು ಗೊತ್ತಿರಬೇಕು. ಕತ್ತಲಲ್ಲೇ ಎದ್ದು ಆ ಹಾಲು ಕರೆಯುವವಳು ಹೆಂಗಸು ಎಂಬುದೂ ಗೊತ್ತಿರಬೇಕು. ಆದರೂ ಎಷ್ಟೋ ಊರುಗಳಲ್ಲಿ ಡೇರಿ ಚೀಟಿಯ ಮೇಲೆ ಗಂಡಸಿನ ಹೆಸರೇ ಅಚ್ಚಾಗುತ್ತದೆ. ಯಾರಿಗೂ ಅದು ವಿಚಿತ್ರವಾಗಿ ಕಾಣುವುದೂ ಇಲ್ಲ.

ಗಂಗಿಬೋರೆಯಲ್ಲಿ ಹಾಗಿಲ್ಲ. ಕೆ.ಆರ್. ನಗರದ ಕಡೆಯ ಮಿರ್ಲೆಯಿಂದ ನಾಲೆ ಏರಿ ಹಿಡಿದು ಒಳಕ್ಕೆ ಹೋದರೆ ಸಿಗುವ ಈ ಸಣ್ಣ ಊರಿನ ಹೆಂಗಸರು ತಮ್ಮದೇ ಹಾಲಿನ ಸಂಘ ಕಟ್ಟಿಕೊಂಡಿದ್ದಾರೆ. ಅದರ ಕಾರ್ಯದರ್ಶಿ ಪ್ರಮೀಳಾ. ಮಾತು ಜೋರು, ನಗು ಅದಕ್ಕಿಂತ ಜೋರು. ಸಂಘದ ಕಂಪ್ಯೂಟರು ಎಂದರೆ ಇಟ್ಟಿಗೆಯಷ್ಟು ದಪ್ಪದ ಒಂದು ಹಳೇ ಲ್ಯಾಪ್‌ಟಾಪು. ತೂಕದ ಯಂತ್ರದ ಅಗಲ ಬಾಯಿಯ ವೈರನ್ನು ಸಿಕ್ಕಿಸುವ ಜಾಗ ಹೊಸ ಲ್ಯಾಪ್‌ಟಾಪುಗಳಲ್ಲಿ ಇಲ್ಲ, ಇದರಲ್ಲಿದೆ. ಅದಕ್ಕೇ ಪ್ರಮೀಳಾ ಇದನ್ನು ಬಾಣಂತಿಯಂತೆ ನೋಡಿಕೊಳ್ಳುತ್ತಾಳೆ: ಮೇಲೊಂದು ಬಟ್ಟೆ, ಕೆಳಗೊಂದು ಮಣೆ.

ಆಯುಧಪೂಜೆ ಕಳೆದ ವಾರದಲ್ಲಿ ಒಂದು ಬೆಳಿಗ್ಗೆ, ಹಾಲು ಹಾಕುವವರ ಸಾಲು ಅರ್ಧ ಸಾಗಿದ್ದಾಗ, ಕರೆಂಟು ಹೋಯಿತು. ತೂಕದ ಯಂತ್ರಕ್ಕೂ ಚೀಟಿ ಪ್ರಿಂಟರಿಗೂ ಟ್ರ್ಯಾಕ್ಟರ್ ಬ್ಯಾಟರಿಯ ಆಸರೆ ಇತ್ತು, ಅವು ನಡೆದವು. ತನ್ನದೇ ಬ್ಯಾಟರಿಯ ಮೇಲೆ ನಡೆಯಬೇಕಿದ್ದ ಲ್ಯಾಪ್‌ಟಾಪು ಮಾತ್ರ ದೀಪ ಊದಿದಂತೆ ಆರಿಹೋಯಿತು.

"ಏನಾಯ್ತೇ ಪ್ರಮೀಳಾ?" ಸಾಲಿನ ಮುಂದಿದ್ದ ಮಾಯಮ್ಮ ಕೇಳಿದಳು. ಊರಿಗೆಲ್ಲ ಅವಳು ಅತ್ತೆ. ಗಂಡ ಸತ್ತು ಎಷ್ಟೋ ವರ್ಷವಾದ, ಎರಡು ಹಸು ಕಟ್ಟಿರುವ ಮುದುಕಿ.

"ಬ್ಯಾಟ್ರಿ ಕೈ ಕೊಡ್ತು ಕಣತ್ತೆ."

"ನನ್ನಾಲು ಒಡ್ದೋದ್ರೆ ನಿನ್ ಬ್ಯಾಟ್ರಿ ಮ್ಯಾಲೇ ಉಯ್ತೀನಿ ನೋಡು!"

ಸಾಲೆಲ್ಲ ನಕ್ಕಿತು. ಪಕ್ಕದ ದೊಡ್ಡೂರಿನ ಡೇರಿ ಅಧ್ಯಕ್ಷ ಉಮಾಶಂಕರ ಆಗಲೇ ಬೈಕು ನಿಲ್ಲಿಸಿದ್ದ. ಅವನೂ ನಕ್ಕ, ಆದರೆ ಆ ನಗು ಬೇರೆ.

"ಏನ್ ತಂಗ್ಯಮ್ಮ, ಕಂಪ್ಯೂಟ್ರು ಮನೀಕಂಬುಡ್ತಾ? ಡೇರಿ ನಡ್ಸೋದು ಅಂದ್ರೆ ರಂಗೋಲಿ ಬುಟ್ಟಂಗಲ್ಲ ಕಣವ್ವ. ಶನಿವಾರ ಒಕ್ಕೂಟದ ಸೂಪರ್‌ವೈಸರ್ ತಪಾಸಣೆಗೆ ಬತ್ತಾವ್ರೆ. ಇದು ಇಂಗೇ ನಿಂತಿದ್ರೆ, ಇವ್ರುನ್ನೂ ನಮ್ ಸಂಘಕ್ಕೇ ಸೇರ್ಸ್ಕೊಡಿ ಅಂತ ನಾನೇ ಕೇಳ್ತೀನಿ. ನಿಮ್ ಯಜಮಾನ್ರ ಕೈಲಿ ಆಲು ಕಳ್ಸ್ಬುಟ್ಟು ಆರಾಮಾಗಿರಿ."

ಆರಾಮಂತೆ! ಅವನ ಸಂಘಕ್ಕೆ ಸೇರಿದರೆ ಚೀಟಿಯ ಮೇಲಿನ ಹೆಸರು ಯಜಮಾನರದ್ದಾಗುತ್ತದೆ. ಸಗಣಿ ಬಾಚುವುದು, ಹುಲ್ಲು ಹೊರುವುದು, ಕರೆಯುವುದು ಹೆಂಗಸರದ್ದು, ಹೆಸರು ಗಂಡಸಿನದ್ದು. ಯಜಮಾನನೇ ಇಲ್ಲದ ಮಾಯಮ್ಮನ ಹೆಸರನ್ನು ಅವರು ಎಲ್ಲಿ ಬರೆದುಕೊಳ್ಳುತ್ತಿದ್ದರೋ!

ಅಂದು ಉಳಿದ ಹಾಲನ್ನು ಕೈಬರಹದಲ್ಲೇ ಮುಗಿಸಿದರು. ಮಾರನೇ ದಿನ ಶುಕ್ರವಾರ. ಸಂಜೆಯ ಸಾಲು ಕರಗುವ ಮೊದಲೇ ಪ್ರಮೀಳಾ ಕೆ.ಆರ್. ನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶರತ್‌ಗೆ ಫೋನ್ ಮಾಡಿದಳು.

"ಅಕ್ಕಾ, ಅದು ಓಬೀರಾಯನ ಕಾಲದ್ದು. ಅದ್ರ ಬ್ಯಾಟ್ರಿ ಈಗೆಲ್ಲೂ ಸಿಗಲ್ಲ. ಕರೆಂಟಲ್ಲಿ ಓಡುತ್ತಾ?"

"ಚೆನ್ನಾಗೋಡ್ತದೆ. ಪ್ಲಗ್ ಕಿತ್ತ ತಕ್ಷಣ ಸಾಯ್ತದೆ."

"ಹಂಗಾದ್ರೆ ಚಾರ್ಜರ್ ಸರಿ ಇದೆ. ಆಫ್ ಮಾಡಿ, ವೈರ್ ಕಿತ್ತು, ಬ್ಯಾಟ್ರಿ ಬಿಚ್ಚಿ. ಊದ್ಕೊಂಡಿದ್ರೆ ಮಾತ್ರ ಹಾಕೋಕ್ ಹೋಗ್ಬೇಡಿ, ಬೆಂಕಿ ಹತ್ಕೊಳ್ತದೆ."

"ಊದಿಲ್ಲ ಕಣಪ್ಪ."

"ಅದ್ರ ಬೆನ್ನಲ್ಲಿ ಪುಟ್ಟ ಗುಂಡಿ ಇರುತ್ತೆ, ಒತ್ತಿ."

ಒತ್ತಿದಳು. ಸಾಲಾಗಿ ಹಸಿರು ಚುಕ್ಕಿಗಳು ಹೊತ್ತಿಕೊಂಡವು. ಸುತ್ತ ನಿಂತವರು ಮಗು ಕಣ್ಣುಬಿಟ್ಟಂತೆ "ಆ!" ಎಂದರು.

"ನೋಡಿ, ಬ್ಯಾಟ್ರೀಲಿ ಜೀವ ಇದೆ! ಅದಕ್ಕೂ ಲ್ಯಾಪ್‌ಟಾಪ್‌ಗೂ ಮಧ್ಯೆ ಮಾತು ನಿಂತಿದೆ ಅಷ್ಟೆ. ಎರಡೂ ಸೇರೋ ಕಡೆ ಹಲ್ಲು ಇರುತ್ತೆ, ಹಿತ್ತಾಳೆ ಹಲ್ಲು. ಅದನ್ನ ನೋಡಿ."

ಬೆಳಕಿಗೆ ಹಿಡಿದು ನೋಡಿದ ಪ್ರಮೀಳಾ ನಾಲಿಗೆ ಕಚ್ಚಿಕೊಂಡಳು. ಹಲ್ಲುಗಳೇ ಕಾಣುತ್ತಿರಲಿಲ್ಲ. ಅವುಗಳ ಮೇಲೆ ಮೂರೆಳೆ ವಿಭೂತಿ, ನಡುವೆ ದುಂಡನೆಯ ಕುಂಕುಮ, ಒಣಗಿ ಗಾರೆಯಂತೆ ಗಟ್ಟಿಯಾಗಿತ್ತು.

ಇಟ್ಟವಳು ಅವಳೇ. ಆಯುಧಪೂಜೆಯ ದಿನ ತೂಕದ ಯಂತ್ರ, ಕ್ಯಾನು, ಟ್ರ್ಯಾಕ್ಟರ್ ಬ್ಯಾಟರಿ ಎಲ್ಲಕ್ಕೂ ಇಟ್ಟಿದ್ದಳು. ಲ್ಯಾಪ್‌ಟಾಪಿನ ಸರದಿ ಬಂದಾಗ, ಶಕ್ತಿಯೆಲ್ಲ ಇರುವುದು ಇದರಲ್ಲೇ ಅಲ್ಲವೇ ಎಂದು, ಬ್ಯಾಟರಿಯನ್ನು ಬಿಚ್ಚಿ ಸರಿಯಾಗಿ ಅದರ ಬಾಯಿಗೇ ನೀರಲ್ಲಿ ಕಲಸಿದ ವಿಭೂತಿ ಬಳಿದಿದ್ದಳು. ಭಕ್ತಿ ಹೆಚ್ಚಾಗಿತ್ತು, ಅಷ್ಟೆ. ಆಮೇಲೆ ನಾಲ್ಕಾರು ದಿನ ಡೇರಿಯ ಹೊತ್ತಿನಲ್ಲಿ ಕರೆಂಟು ಹೋಗಲಿಲ್ಲವಾಗಿ ಯಾರಿಗೂ ತಿಳಿಯಲಿಲ್ಲ.

ದನದ ಡಾಕ್ಟರು ಬಿಟ್ಟುಹೋಗಿದ್ದ ಸ್ಪಿರಿಟ್ಟಿನಲ್ಲಿ ಅವಳು ಹತ್ತಿ ಅದ್ದಿದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ ಅಂದರು: "ಶುಕ್ರವಾರ ಮುಸ್ಸಂಜೇಲಿ ಕುಂಕುಮ ಒರುಸ್ತೀಯೇನವ್ವ? ಅದೂ ಸಂಘದ್ದು?"

ಉಮಾಶಂಕರನಿಗೆ ಹೆದರದ ಕೈ ಆ ಮಾತಿಗೆ ನಿಂತಿತು. ಬೆಳಗಾದರೆ ಸೂಪರ್‌ವೈಸರ್.

ಮಾಯಮ್ಮ ಹಾಲಿನ ಕ್ಯಾನನ್ನು ಠಕ್ಕನೆ ಕೆಳಗಿಟ್ಟಳು.

"ನಮ್ಮೆಜಮಾನ್ರು ತೀರ್ಕಂಡಾಗ ನನ್ ಅಣೆ ಕುಂಕ್ಮ ಒರುಸುದ್ರು. ಊರೇ ನಿಂತು ನೋಡ್ತು, ಒಬ್ರಾದ್ರೂ ಬ್ಯಾಡ ಅಂದ್ರಾ? ಮಾರ್ನೇ ದಿನ ಅಸ ಆಲು ಕೊಡ್ನಿಲ್ವಾ? ನಾನು ಕರೀನಿಲ್ವಾ? ಮನುಸ್ರದ್ದು ಒರ್ಸುವಾಗ ಇಲ್ದಿರೋ ಅಂಜ್ಕೆ ಮಿಸಿನ್‌ದು ಒರ್ಸಕ್ಕೆ ಯಾಕ್ರವ್ವ? ತತ್ತಾ ಇಲ್ಲಿ!"

ಹತ್ತಿಯನ್ನು ಕಿತ್ತುಕೊಂಡು ತಾನೇ ಉಜ್ಜಿದಳು. ಕೆಚ್ಚಲು ತೊಳೆಯುವ ಕೈ. ಒತ್ತಬೇಕಾದಲ್ಲಿ ಒತ್ತಿತು, ನವಿರಾಗಬೇಕಾದಲ್ಲಿ ನವಿರಾಯಿತು. ಹಿತ್ತಾಳೆ ಒಂದೊಂದೇ ಹಲ್ಲಾಗಿ ಮಿನುಗಿತು. ಸ್ಪಿರಿಟ್ಟು ಪೂರ್ತಿ ಆರುವ ತನಕ ಕಾದು, ಪ್ರಮೀಳಾ ಬ್ಯಾಟರಿಯನ್ನು ಮತ್ತೆ ಕೂರಿಸಿದಳು. ಆಮೇಲೆ ಕುಂಕುಮದ ಬಟ್ಟಲನ್ನು ಮುದುಕಿಯ ಮುಂದೆ ಹಿಡಿದಳು.

"ಮುಚ್ಚಳದ ಮ್ಯಾಲೆ ನೀನೇ ಇಡತ್ತೆ."

ಮಾಯಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಇಟ್ಟಳು. ಆ ಮುಸ್ಸಂಜೆ ಗಂಗಿಬೋರೆಯಲ್ಲಿ ಒಬ್ಬಳೂ ಬೇಡ ಎನ್ನಲಿಲ್ಲ.

ಶನಿವಾರ ಬೆಳಿಗ್ಗೆ ಸೂಪರ್‌ವೈಸರ್ ಬಂದರು. ಬೆನ್ನಿಗೆ ಉಮಾಶಂಕರನೂ ಬಂದ. ಬೇಡದಾಗ ಹೋಗುವ ಕರೆಂಟು ಅಂದು ಹೋಗಲೇ ಇಲ್ಲ.

"ಕರೆಂಟಿದ್ರೆ ಎಲ್ಲಾರ್ದೂ ಓಡ್ತದೆ ಬುಡಿ ಸಾರ್," ಎಂದ ಉಮಾಶಂಕರ.

"ಅದ್ಕೇನಂತೆ, ನಾವೇ ಕಳ್ಸನ," ಎಂದು ಪ್ರಮೀಳಾ ಗೋಡೆಯ ಪ್ಲಗ್ಗನ್ನು ಕಿತ್ತು ಅವನ ಕೈಗೇ ಕೊಟ್ಟಳು. "ಇಡ್ಕೊಳಣ್ಣ, ಬೀಳುಸ್ಬ್ಯಾಡ."

ಪರದೆ ಮಿಸುಕಲಿಲ್ಲ. ಮಾಯಮ್ಮ ಹಾಲು ಸುರಿದಳು, ಪ್ರಿಂಟರು ಕಿರುಗುಟ್ಟಿತು, ಚೀಟಿ ಬಂತು. ಓದಲು ಬಾರದ ಮುದುಕಿ ತನ್ನ ಹೆಸರಿರುವ ಸಾಲಿನ ಮೇಲೆ ಬೆರಳಾಡಿಸಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಾಲು ಮುಗಿಯುವ ತನಕವೂ ಮುದಿ ಬ್ಯಾಟರಿ ನಿಂತಿತು. ಅಷ್ಟೂ ಹೊತ್ತು ಉಮಾಶಂಕರನ ಕೈಯಲ್ಲಿ ಪ್ಲಗ್ಗು ನೇತಾಡುತ್ತಿತ್ತು. ಸೂಪರ್‌ವೈಸರ್ ಸಹಿ ಹಾಕಿ ಹೊರಟರು.

"ನಮ್ ಡೇರಿ ಕಂಪ್ಯೂಟ್ರೂ ಆಗಾಗ ಇಂಗೇ ಮಾಡ್ತದೆ. ಒಂದ್ಸಲ ನೋಡ್ಬುಡವ್ವ," ಎಂದ ಉಮಾಶಂಕರ, ದನಿ ತಗ್ಗಿಸಿ.

"ನೋಡ್ತೀನಿ ಕಣಣ್ಣ. ಆದ್ರೆ ನಿಮ್ಮನೆ ಚೀಟೀಲಿ ನಮ್ಮತ್ತಿಗೆ, ಅಂದ್ರೆ ನಿಮ್ಮೆಂಡ್ರು ಎಸ್ರು ಬರ್ಬೇಕು."

ಉಮಾಶಂಕರ ಪ್ಲಗ್ಗನ್ನು ಅವಳ ಕೈಗಿಟ್ಟು ಬೈಕು ಹತ್ತಿದ. ಅವನನ್ನು ಬಿಡಿ, ನಿಮ್ಮನ್ನು ಕೇಳುತ್ತಿದ್ದೇನೆ. ನಾಳೆ ಬೆಳಿಗ್ಗೆ ನಿಮ್ಮೂರ ಡೇರಿಗೆ ಹೋಗಿ. ನಿಮ್ಮ ಮನೆಯ ಹಾಲಿನ ಚೀಟಿಯನ್ನು ಕೈಯಲ್ಲಿ ಹಿಡಿದು ಅದರ ಮೇಲಿನ ಹೆಸರು ಓದಿ. ಅದು ಹಸು ಕರೆದವಳ ಹೆಸರಲ್ಲದಿದ್ದರೆ, ಅಲ್ಲಿಂದ ಕದಲುವ ಮೊದಲು ಬದಲಾಯಿಸಿ.